ಕಮಲನಗರದಿಂದ ಹೊರಟ ಗಣಿತದ ಟೀಚರ್

ಮಿರಗದ ಮಳೆ ಕೂಡಿ ವಾರವಾಗಿದೆ. ರಾತ್ರಿ ಬಿದ್ದ ಮಳೆಗೆ ಕಮಲನಗರ ಸ್ಟೇಷನ್ನಿನ ಆಚೆಯ ಎರೆಹೊಲಗಳು ಉಬ್ಬಿ ನಿಂತಿವೆ. ಕಾಲುಹಾದಿಯಲ್ಲಿ ನಡೆದು ಬಂದವರ ಚಪ್ಪಲಿಗೆಲ್ಲ ಕರಿಮಣ್ಣು ಮೆತ್ತಿದೆ. ಸೋಯಾ, ತೊಗರಿ, ಹೆಸರು ಬಿತ್ತುವ ಹೊತ್ತು ಇದು. ಊರಿನ ಅರ್ಧ ಜನ ಹೊಲದಲ್ಲಿದ್ದಾರೆ. ಪ್ಲಾಟ್‌ಫಾರ್ಮಿನ ಮೇಲೆ ಉದಗೀರದ ಕಡೆಯಿಂದ ಬರುವ ಗಾಡಿಗೆ ಕಾಯುತ್ತಿರುವವರು ಹತ್ತಿಪ್ಪತ್ತು ಮಂದಿ. ಅವರ ನಡುವೆ ನೀವಿದ್ದೀರಿ, ಪಕ್ಕದಲ್ಲಿ ಹೊಸ ಸೂಟ್‌ಕೇಸ್, ಹೆಗಲಲ್ಲಿ ಕಾಗದಪತ್ರಗಳ ಚೀಲ.

ಈ ಬರಹ ಮುಗಿಯುವ ತನಕ ನೀವು ಇಪ್ಪತ್ತೇಳು ವರ್ಷದ ಹೆಣ್ಣುಮಗಳು. ಬಿ.ಎಸ್ಸಿ., ಬಿ.ಎಡ್. ಮುಗಿಸಿದ್ದೀರಿ. ತಾಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಗಣಿತ ಕಲಿಸಿದ್ದೀರಿ. ಹೆಸರು ಬೇಡ. ಇಂಥ ಹೆಣ್ಣುಮಕ್ಕಳು ಭಾಲ್ಕಿ, ಔರಾದ, ಕಮಲನಗರದ ಊರೂರಲ್ಲಿ ಇದ್ದಾರೆ, ಒಬ್ಬಳ ಹೆಸರು ಬರೆದರೆ ಉಳಿದವರನ್ನು ಬಿಟ್ಟಂತಾಗುತ್ತದೆ. ಹೋಗುತ್ತಿರುವುದು ಮಾಲ್ಡೀವ್ಸಿಗೆ, ಅಲ್ಲಿನ ಒಂದು ದ್ವೀಪದ ಶಾಲೆಗೆ.

ನಿಮ್ಮನ್ನು ಬಿಡಲು ಅಪ್ಪ, ಅವ್ವ, ತಮ್ಮ, ಪಕ್ಕದ ಮನೆಯ ಕಾಕಾ ಬಂದಿದ್ದಾರೆ. ಬಿತ್ತನೆಯ ದಿನ ಹೊಲ ಬಿಟ್ಟು ಬಂದಿದ್ದಕ್ಕೆ ಅಪ್ಪನ ಕೈಗೆ ಏನು ಮಾಡಬೇಕೋ ತಿಳಿಯದು. ಸೂಟ್‌ಕೇಸಿನ ಹಗ್ಗವನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಾರೆ.

"ಉದಗೀರಕ್ಕ ಕೊಟ್ಟಿದ್ರ ತಾಸಿನ ಹಾದಿ ಇತ್ತು. ಇದು ನೀರ್ ದಾಟೋ ಹಾದಿ ಅದ ಮಗಾ."

ಕಾಕಾನಿಗೆ ಇನ್ನೂ ಗೊಂದಲ. "ಯಾವ ದೇಶ ಅಂದಿ? ದುಬೈ ಏನ್?"

"ಅಲ್ರೀ ಕಾಕಾ, ಮಾಲ್ಡೀವ್ಸ್."

"ಅಲ್ಲಿ ಮಂದಿ ಯಾನ್ ಭಾಷಾ ಮಾತಾಡ್ತಾರ?"

"ದಿವೇಹಿ ಅಂತರೀ. ಪಾಠ ಮಾತ್ರ ಇಂಗ್ಲಿಷ್‌ನಾಗ."

"ಕಲೀತಿ ಬಿಡು. ನಮ್ಮೂರ ಪೋರಿಗಿ ಮೂರು ಭಾಷಾ ಓಣ್ಯಾಗೇ ಬರ್ತಾವ, ನಾಕನೇದು ಬರಲ್ದೇನ್."

ಅವ್ವನ ಮಾತೆಲ್ಲ ಜೋಳದ ಹಿಟ್ಟಿನ ಸುತ್ತ. ಐದು ಕಿಲೋ ಹಿಟ್ಟು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಣಗಿಸಿದ ಪುಂಡಿಪಲ್ಯ ಎಲ್ಲ ಸೇರಿದ್ದಾಗಿದೆ. ನಿನ್ನೆ ರಾತ್ರಿ ಸೂಟ್‌ಕೇಸಿನ ಬಟ್ಟೆಯ ನಡುವೆ ಆಕೆ ಇಟ್ಟಿದ್ದ ಹಿತ್ತಾಳೆಯ ಪುಟ್ಟ ನಂದಿಯನ್ನು ನೀವು ತೆಗೆದು ಅವಳ ಕೈಗೇ ಕೊಟ್ಟಿರಿ. ಪೂಜೆಯ ವಿಗ್ರಹಗಳನ್ನು ಆ ದೇಶದೊಳಕ್ಕೆ ತರುವಂತಿಲ್ಲ, ಅದು ಅಲ್ಲಿನ ಕಾಯಿದೆ. ಅವ್ವ ಏನೂ ಅನ್ನಲಿಲ್ಲ. ಬಸವಣ್ಣನನ್ನು ಜಗಲಿಗೆ ವಾಪಸ್ ಕೂರಿಸಿ, ನಿಮ್ಮ ಹಣೆಗೆ ವಿಭೂತಿ ಹಚ್ಚಿದಳು.

ಗಾಡಿ ಬಂತು. ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದು, ಮೊದಲು ಮುಟ್ಟಿ ನೋಡಿಕೊಂಡಿದ್ದು ಕಾಗದದ ಚೀಲ. ಪಾಸ್‌ಪೋರ್ಟು, ಗುಲಬರ್ಗಾ ವಿಶ್ವವಿದ್ಯಾಲಯದ ಪದವಿ ಪತ್ರ, ಬಿ.ಎಡ್. ಪತ್ರ, ಅಂಕಪಟ್ಟಿಗಳು, ಪೊಲೀಸರ ಸಚ್ಚಾರಿತ್ರ್ಯ ಪತ್ರ, ವೈದ್ಯಕೀಯ ವರದಿ, ನೇಮಕದ ಪತ್ರ, ಒಪ್ಪಂದ. ಇಷ್ಟು ಕಾಗದ ಒಟ್ಟು ಮಾಡಲು ಹೋದ ತಿಂಗಳುಗಳನ್ನು ನೆನೆದರೆ ಈಗಲೂ ದಣಿವಾಗುತ್ತದೆ. ವಿಶ್ವವಿದ್ಯಾಲಯ ಕೊಟ್ಟ ಪತ್ರ ಹೊರದೇಶದಲ್ಲಿ ಹಾಗೆಯೇ ನಡೆಯದು. ಮೊದಲು ರಾಜ್ಯ ಸರ್ಕಾರದ ಮುದ್ರೆ ಬೀಳಬೇಕು, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಕೆಲವು ದೇಶಗಳಿಗೆ ಅಪೊಸ್ಟೀಲ್ ಎಂಬ ಒಂದೇ ಚೀಟಿ ಸಾಕು. ಯುಎಇಯಂಥ ದೇಶಕ್ಕೆ ಅದು ನಡೆಯುವುದಿಲ್ಲ, ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಮಾಲ್ಡೀವ್ಸಿನಲ್ಲಿ ಪದವಿಗಳನ್ನು ತೂಗಿ ನೋಡಲು ಅವರದೇ ಅರ್ಹತಾ ಪ್ರಾಧಿಕಾರವಿದೆ.

ಇಲ್ಲಿ ಒಂದು ವಿಷಯ ನಮ್ಮ ಹುಡುಗಿಯರಿಗೆ ಯಾರೂ ಹೇಳಿರುವುದಿಲ್ಲ, ಅದಕ್ಕೇ ನಿಂತು ಹೇಳುತ್ತೇನೆ. ಹತ್ತನೇ ತರಗತಿ ಪಾಸಾಗದ ಕೂಲಿಕಾರ ಕೊಲ್ಲಿ ದೇಶಕ್ಕೆ ಹೊರಟರೆ ಅವನ ಒಪ್ಪಂದವನ್ನು ಸರ್ಕಾರದ ಅಧಿಕಾರಿ ನೋಡಿ, ವಲಸೆ ಅನುಮತಿ ಕೊಟ್ಟ ಮೇಲೆಯೇ ಅವನು ವಿಮಾನ ಹತ್ತಬಹುದು. 1983ರ ವಲಸೆ ಕಾಯಿದೆ ಅಷ್ಟು ಕಾವಲು ಇಟ್ಟಿದೆ. ಓದಿದವರ ಪಾಸ್‌ಪೋರ್ಟಿಗೆ ಆ ತಪಾಸಣೆ ಇಲ್ಲ. ಮಾಲ್ಡೀವ್ಸ್ ಅಂತೂ ಅಂಥ ಅನುಮತಿ ಬೇಕಾದ ದೇಶಗಳ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ನಿಮ್ಮ ಒಪ್ಪಂದದಲ್ಲಿ ಏನು ಬರೆದಿದೆ ಎಂದು ಓದುವವರು ನೀವೊಬ್ಬರೇ. ಪದವಿ ಇದ್ದವಳು ತನ್ನನ್ನು ತಾನು ಕಾಯ್ದುಕೊಳ್ಳುತ್ತಾಳೆ ಎಂದು ಕಾಯಿದೆ ನಂಬಿದೆ. ಏಜೆಂಟರ ಮೂಲಕ ಹೋಗುವುದಾದರೆ, ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಮತ್ತು ಅದಕ್ಕೆ ರಸೀದಿ. ಲಕ್ಷಗಟ್ಟಲೆ ಕೇಳುವವನು, ರಸೀದಿ ಕೊಡದವನು, ವಿಸಿಟ್ ವೀಸಾದಲ್ಲಿ ಹೋಗು ಆಮೇಲೆ ಬದಲಿಸೋಣ ಅನ್ನುವವನು, ಈ ಮೂವರ ಮನೆಯ ಮೆಟ್ಟಿಲು ಹತ್ತಬಾರದು.

ಗಾಡಿ ಭಾಲ್ಕಿಗೆ ಬಂತು. ಚಹಾ ಮಾರುವವನು ಕನ್ನಡದಲ್ಲಿ ಕೂಗಿ, ಹಿಂದಿಯಲ್ಲಿ ಚಿಲ್ಲರೆ ಕೇಳಿ, ಮರಾಠಿಯಲ್ಲಿ ಜಗಳವಾಡುತ್ತಿದ್ದಾನೆ. ಕಿಟಕಿಯಿಂದ ನೀವು ಊರಿನ ಕಡೆ ನೋಡುತ್ತೀರಿ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು ನಿಮ್ಮ ಕಮಲನಗರದಲ್ಲೇ. ನೂರು ವರ್ಷ ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದವರು. ನಿಜಾಮರ ಕಾಲದಲ್ಲಿ ಈ ಸೀಮೆಯ ಶಾಲೆ, ಕಚೇರಿ, ಕೋರ್ಟು ಎಲ್ಲ ಉರ್ದುವಿನಲ್ಲಿದ್ದಾಗ ಅವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಜೋಳಿಗೆ ಹಿಡಿದು ಕಾಳುಕಡಿ ತಂದು ಮಕ್ಕಳಿಗೆ ಅನ್ನ ಹಾಕಿದರು. ಈ ಕತೆಯನ್ನು ನೀವು ಪ್ರತಿ ವರ್ಷ ಡಿಸೆಂಬರ್ 22ರ ಜಯಂತಿಗೆ ಶಾಲೆಯ ವೇದಿಕೆಯಲ್ಲಿ ನಿಂತು ಹೇಳಿದ್ದೀರಿ. ಇವತ್ತು ಅದು ಬೇರೆ ಥರ ಕೇಳಿಸುತ್ತದೆ. ತನ್ನ ಊರಲ್ಲೇ ತನ್ನ ಭಾಷೆ ಕಲಿಸಲು ಅಷ್ಟು ಹಟ ಬೇಕಾಗಿತ್ತು. ನಿಮಗೆ ನಿಮ್ಮ ಊರಲ್ಲಿ ಲೆಕ್ಕ ಕಲಿಸಲು ಯಾರೂ ಅಡ್ಡ ಬಂದಿಲ್ಲ, ಆದರೂ ಹೊರಟಿದ್ದೀರಿ.

ಯಾಕೆ ಹೊರಟಿರಿ ಅನ್ನುವುದು ಕಷ್ಟದ ಲೆಕ್ಕವಲ್ಲ. ಹೈಸ್ಕೂಲಿನ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,500 ರೂಪಾಯಿ ಗೌರವಧನ ಇತ್ತು, 2025ರ ಬಜೆಟ್ಟಿನಲ್ಲಿ 2,000 ಏರಿಸಿದರು. ಅದೂ ಶಾಲೆ ನಡೆಯುವ ತಿಂಗಳಿಗಷ್ಟೇ. ಬೇಸಿಗೆಯಲ್ಲಿ ಏನೂ ಇಲ್ಲ. ಪ್ರತಿ ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಪಟ್ಟಿ, ಕಾಯಂ ಶಿಕ್ಷಕರು ಯಾರಾದರೂ ವರ್ಗವಾಗಿ ಬಂದರೆ ಅದೇ ದಿನ ನೀವು ಮನೆಗೆ. ಹತ್ತನೇ ತರಗತಿಯ ಫಲಿತಾಂಶಕ್ಕೆ ಶನಿವಾರ, ಭಾನುವಾರ ವಿಶೇಷ ತರಗತಿ ತೆಗೆದುಕೊಂಡವರು ನೀವು. ಫಲಿತಾಂಶದ ಸನ್ಮಾನದಲ್ಲಿ ಅತಿಥಿಗಳ ಹೆಸರು ಕರೆಯುವುದಿಲ್ಲ. ತಮ್ಮನ ಡಿಪ್ಲೊಮಾ ಫೀಸು, ಅಪ್ಪನ ಬೆಳೆಸಾಲ, ಮನೆಯ ಮೇಲಿನ ತಗಡು, ಇವೆಲ್ಲ ಆ ಹಣದಲ್ಲಿ ತೂಗುವಂಥವಲ್ಲ.

ಬೀದರ ಬಂತು. ಗಾಡಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಊರೊಳಗಿನ ಮಹಮೂದ್ ಗಾವಾನನ ಮದರಸಾ ಇಲ್ಲಿಂದ ಕಾಣುವುದಿಲ್ಲ, ಆದರೆ ಬಿ.ಎಡ್. ಓದುವಾಗ ಗೆಳತಿಯರ ಜೊತೆ ಅದರ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿಂದವರು ನೀವು. ನೀಲಿ ಹಸಿರು ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿರುವ ಆ ಗೋಡೆ, ಉಳಿದಿರುವ ಒಂದೇ ಮಿನಾರು. ಗಾವಾನ್ ಇರಾನಿನ ಗೀಲಾನ್ ಸೀಮೆಯವನು. ವ್ಯಾಪಾರಕ್ಕೆಂದು ಸಮುದ್ರ ದಾಟಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಈ ವಿದ್ಯಾಲಯ ಕಟ್ಟಿಸಿದ. ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ, ವಿದ್ಯಾರ್ಥಿಗಳಿಗೆ ಊಟ ವಸತಿ, ಪಾಠ ಹೇಳಲು ದೂರ ದೂರದ ನಾಡುಗಳಿಂದ ಬಂದ ಪಂಡಿತರು. ಪರ್ಷಿಯಾದ ಮಹಾಕವಿ ಜಾಮಿಯ ಜೊತೆ ಅವನಿಗೆ ಪತ್ರವ್ಯವಹಾರವಿತ್ತು. 1481ರಲ್ಲಿ ಸುಳ್ಳು ಆರೋಪಕ್ಕೆ ಸುಲ್ತಾನ ಅವನ ತಲೆ ತೆಗೆಸಿದ್ದು ಬೇರೆ ದುಃಖ. ನನಗೆ ಬೇಕಾದದ್ದು ಇಷ್ಟು: ಐನೂರೈವತ್ತು ವರ್ಷಗಳ ಹಿಂದೆ ಕಲಿಸುವವರು ಸಮುದ್ರ ದಾಟಿ ಬೀದರಿಗೆ ಬರುತ್ತಿದ್ದರು. ಅವರಿಗೆ ಇಲ್ಲಿ ಅನ್ನವಿತ್ತು, ಕೋಣೆಯಿತ್ತು, ಮರ್ಯಾದೆಯಿತ್ತು.

ಜಹೀರಾಬಾದಿನಲ್ಲಿ ಬೋರ್ಡುಗಳ ಮೇಲೆ ತೆಲುಗು ಮೂಡಿತು. ಕೂತಲ್ಲೇ ರಾಜ್ಯ ಬದಲಾಯಿತು. 1956ಕ್ಕೆ ಮುಂಚೆ ಜಹೀರಾಬಾದು, ನಾರಾಯಣಖೇಡ, ಉದಗೀರ ಎಲ್ಲ ಬೀದರ ಜಿಲ್ಲೆಯವೇ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಜಿಲ್ಲೆ ಮೂರು ಪಾಲಾಯಿತು. ನಿಮ್ಮ ಅಜ್ಜಿಯ ತವರು ಉದಗೀರದ ಕಡೆ, ದೊಡ್ಡಮ್ಮನ ಮನೆ ಜಹೀರಾಬಾದಿನ ಕಡೆ. ಮದುವೆ ಮನೆಯಲ್ಲಿ ಒಂದೇ ಪಂಕ್ತಿಯೊಳಗೆ ಮೂರು ಭಾಷೆ ಕೇಳುತ್ತ ಬೆಳೆದವರಿಗೆ ಭಾಷೆಯ ಅಂಜಿಕೆ ಇರುವುದಿಲ್ಲ. ಕಾಕಾ ಹೇಳಿದ್ದು ಸುಮ್ಮನೆ ಅಲ್ಲ.

ಶಂಷಾಬಾದಿನ ವಿಮಾನ ನಿಲ್ದಾಣ, ರಾತ್ರಿಯ ನಿದ್ದೆಗೆಟ್ಟ ಕುರ್ಚಿ, ಕೊಚ್ಚಿಯಲ್ಲಿ ವಿಮಾನ ಬದಲಿ, ಇವು ಬೇಗ ಕಳೆದುಹೋಗುತ್ತವೆ. ಕೊಚ್ಚಿಯಿಂದ ಎರಡು ಗಂಟೆಯೂ ಇಲ್ಲ. ಕಿಟಕಿಯ ಕೆಳಗೆ ಕಡುನೀಲಿ ನೀರು, ಅದರ ನಡುವೆ ತಿಳಿಹಸಿರು ಉಂಗುರಗಳು, ಉಂಗುರದ ಅಂಚಿಗೆ ಬಿಳಿ ಮರಳು. ಸಾವಿರದ ಇನ್ನೂರರಷ್ಟು ದ್ವೀಪಗಳು, ಜನರಿರುವುದು ಸುಮಾರು ಇನ್ನೂರರಲ್ಲಿ. ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಎತ್ತರದ ಬೀದರಿನಿಂದ ಬಂದ ನಿಮಗೆ ಇಳಿದ ಮೇಲೂ ಕಾಲು ಗಟ್ಟಿ ಊರಲು ಆಗದು. ಇಡೀ ದೇಶದಲ್ಲಿ ನೆಲ ಕೆಲವೇ ಮೀಟರಿಗಿಂತ ಮೇಲೆ ಏಳುವುದಿಲ್ಲ. ವಿಮಾನ ಇಳಿದದ್ದೇ ಒಂದು ದ್ವೀಪದ ಮೇಲೆ, ಎರಡೂ ಕಡೆ ನೀರು. ರಾಜಧಾನಿ ಮಾಲೆ ಇರುವುದು ಪಕ್ಕದ ದ್ವೀಪದಲ್ಲಿ. 2018ರಲ್ಲಿ ಸೇತುವೆ ಆದ ಮೇಲೆ ರಸ್ತೆಯಲ್ಲೇ ದಾಟಬಹುದು. ಗಡಿಯಾರವನ್ನು ಅರ್ಧ ಗಂಟೆ ಹಿಂದೆ ಸರಿಸುತ್ತೀರಿ. ಊರಲ್ಲಿ ಅಪ್ಪ ಇಷ್ಟೊತ್ತಿಗೆ ಹೊಲದಿಂದ ಬಂದಿರುತ್ತಾರೆ.

ಮಾರನೇ ದಿನ ಸಣ್ಣ ವಿಮಾನದಲ್ಲಿ ಉತ್ತರಕ್ಕೆ, ಹನಿಮಾಧೂ. ಅಲ್ಲಿಂದ ದೋಣಿ. ಜೂನ್ ತಿಂಗಳೆಂದರೆ ನೈಋತ್ಯ ಮಾರುತದ ಕಾಲ, ನಿಮ್ಮ ಹೊಲಕ್ಕೆ ಮಿರಗದ ಮಳೆ ತಂದ ಅದೇ ಗಾಳಿ ಇಲ್ಲಿ ಕಡಲನ್ನು ಎತ್ತಿ ಎತ್ತಿ ಹಾಕುತ್ತಿದೆ. ಸ್ಪೀಡ್‌ಬೋಟಿನ ಮುಂಭಾಗ ಎದ್ದು ಬಡಿದಾಗಲೆಲ್ಲ ಹೊಟ್ಟೆ ಗಂಟಲಿಗೆ ಬರುತ್ತದೆ. ಕೆರೆಯ ನೀರನ್ನಲ್ಲದೆ ಬೇರೆ ನೀರು ನೋಡದ ಕಣ್ಣಿಗೆ ಮೇಲೆ ಕೆಳಗೆ ಸುತ್ತ ಎಲ್ಲ ನೀರೇ. ಕಾಗದದ ಚೀಲವನ್ನು ಲೈಫ್ ಜಾಕೆಟ್ಟಿನ ಒಳಗೆ ಸೇರಿಸಿ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದೀರಿ. ಎದುರು ಕೂತ ಮುದುಕಿ ನಿಮ್ಮ ಮುಖ ನೋಡಿ, ಮಾತಿಲ್ಲದೆ ಒಂದು ಅಡಿಕೆ ಚೂರು ಕೊಡುತ್ತಾಳೆ. ಬಾಯಲ್ಲಿಟ್ಟುಕೊಳ್ಳುತ್ತೀರಿ.

ದ್ವೀಪ ಸಣ್ಣದು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಅರ್ಧ ತಾಸು ಬೇಡ. ಮರಳಿನ ಬೀದಿಗಳು. ಬೆಳಿಗ್ಗೆ ಹೆಂಗಸರು ತೆಂಗಿನ ಕಡ್ಡಿಯ ಪೊರಕೆಯಿಂದ ಗುಡಿಸಿದ ಗೀರುಗಳು ಇನ್ನೂ ಅಳಿಸಿಲ್ಲ. ಮನೆಯ ಮುಂದೆ ಕಂಬಿಗೆ ಕಟ್ಟಿದ ಹಗ್ಗದ ಜಾಲದ ಆಸನ, ಅದಕ್ಕೆ ಇಲ್ಲಿ ಜೋಲಿ ಅನ್ನುತ್ತಾರೆ. ದೀವಿಹಲಸಿನ ಮರ, ಮಸೀದಿ, ಬಂದರು, ಮಳೆನೀರು ಹಿಡಿಯುವ ದೊಡ್ಡ ತೊಟ್ಟಿಗಳು. ಊರಿನ ಅತಿ ದೊಡ್ಡ ಕಟ್ಟಡ ಶಾಲೆಯದು. ಕೆಲವೇ ನೂರು ಜನರ ದ್ವೀಪದಲ್ಲೂ ಶಾಲೆ ಇರುವ ದೇಶ ಇದು. ತಮ್ಮಲ್ಲಿ ಸಾಕಷ್ಟು ಶಿಕ್ಷಕರಿಲ್ಲದೆ ಹೊರಗಿನಿಂದ ಕರೆಸಿಕೊಳ್ಳುತ್ತ ಬಂದಿದ್ದಾರೆ. ಅರವತ್ತರ ದಶಕದಲ್ಲಿ ಮಾಲೆಯ ಶಾಲೆಗಳು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿದಾಗ ಮೊದಲು ಬಂದವರು ಸಿಂಹಳದ ಶಿಕ್ಷಕರು. ಆಮೇಲೆ ಕೇರಳ, ತಮಿಳುನಾಡಿನವರು. ನಿಮಗೆ ಕೊಟ್ಟ ಮನೆಯಲ್ಲೂ ಅಂಥವರು ಇಬ್ಬರು ಇದ್ದಾರೆ, ಒಬ್ಬಾಕೆ ಕೊಲ್ಲಂ ಕಡೆಯವರು, ಇನ್ನೊಬ್ಬಾಕೆ ನಾಗರಕೋಯಿಲಿನವರು. "ವಾ ವಾ" ಎಂದು ಸೂಟ್‌ಕೇಸ್ ಎತ್ತಿಕೊಂಡವರು ಅವರೇ.

ವಾರ ಶುರುವಾಗುವುದು ಭಾನುವಾರ. ಶುಕ್ರವಾರ, ಶನಿವಾರ ರಜೆ. ಬೆಳಗಿನ ಸಭೆಯಲ್ಲಿ ಬಿಳಿ ಸಮವಸ್ತ್ರದ ಮಕ್ಕಳು ಸಾಲಾಗಿ ನಿಂತು ತಮ್ಮ ರಾಷ್ಟ್ರಗೀತೆ ಹಾಡುತ್ತಾರೆ. ನೀವು ನೆಟ್ಟಗೆ ನಿಂತಿದ್ದೀರಿ, ತುಟಿ ಮಾತ್ರ ಅಲ್ಲಾಡದು. ಪಾಠವೆಲ್ಲ ಇಂಗ್ಲಿಷಿನಲ್ಲಿ, ದಿವೇಹಿ, ಇಸ್ಲಾಂನಂಥ ವಿಷಯ ಬಿಟ್ಟು. ಹತ್ತನೇ ತರಗತಿಗೆ ಕೇಂಬ್ರಿಜ್‌ನ ಪರೀಕ್ಷೆ, ಪ್ರಶ್ನೆಪತ್ರಿಕೆ ಇಂಗ್ಲೆಂಡಿನಿಂದ ಬರುತ್ತದೆ. ನಿಮ್ಮ ಪಾಠದ ಪುಸ್ತಕದ ಲೆಕ್ಕಗಳಲ್ಲಿ ಪೌಂಡು, ಪೆನ್ನಿ, ಲಂಡನ್ ರೈಲು. ನಿಮ್ಮ ಕೈಯ ಸುಣ್ಣದ ಕಡ್ಡಿ ಮಾತ್ರ ಹಳೆಯದೇ ಕೆಲಸ ಮಾಡಬೇಕು.

ಏಳನೇ ತರಗತಿಗೆ ಕಾಲಿಟ್ಟ ಕೂಡಲೇ "ಗುಡ್ ಮಾರ್ನಿಂಗ್ ಮಿಸ್" ಎಂಬ ಒಕ್ಕೊರಲು. ನಿನ್ನೆ ತನಕ ಮೇಡಂ ಆಗಿದ್ದವರು ಇವತ್ತು ಮಿಸ್. ಋಣಸಂಖ್ಯೆಗಳ ಪಾಠ. ಮೈನಸ್ಸಿನಿಂದ ಮೈನಸ್ಸನ್ನು ಕಳೆಯುವುದು ಕಮಲನಗರದ ಮಕ್ಕಳಿಗೂ ಕಷ್ಟ, ಇಲ್ಲಿಯ ಮಕ್ಕಳಿಗೂ ಕಷ್ಟ. ಅಲ್ಲಿ ನೀವು ಬಾವಿಯ ಉದಾಹರಣೆ ಕೊಡುತ್ತಿದ್ದಿರಿ: ನೆಲ ಅಂದರೆ ಸೊನ್ನೆ, ಕೆಳಗೆ ಇಳಿದಷ್ಟೂ ಋಣ. ಇಲ್ಲಿ ನೆಲವೇ ಇಲ್ಲ. ಒಂದು ಕ್ಷಣ ಯೋಚಿಸಿ ಬೋರ್ಡಿನ ಮೇಲೆ ಅಲೆಯ ಗೆರೆ ಎಳೆಯುತ್ತೀರಿ. ನೀರಿನ ಮೇಲ್ಮೈ ಸೊನ್ನೆ. ದೋಣಿಯ ಪಟ ಮೇಲೆ ಐದು ಮೀಟರ್, ಟ್ಯೂನಾ ಮೀನು ಕೆಳಗೆ ಹನ್ನೆರಡು ಮೀಟರ್. ಹಿಂದಿನ ಬೆಂಚಿನ ಹುಡುಗ ತಟ್ಟನೆ ಎದ್ದು ನಿಂತ. ಅವನ ತಂದೆ ಮೀನುಗಾರ. ಗಾಳದ ದಾರ ಎಷ್ಟು ಬಿಡಬೇಕು ಎಂದು ಅವನು ಲೆಕ್ಕ ಹಾಕಿ ಹೇಳಿದ, ಮೈನಸ್ಸು ತಪ್ಪದೆ.

ಮುಂದಿನ ಬೆಂಚಿನ ಹುಡುಗಿಯ ದಿವೇಹಿ ನೋಟುಪುಸ್ತಕ ತೆರೆದು ಬಿದ್ದಿದೆ. ತಾನಾ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ನಿಮಗೆ ಅದು ಹೊಸದಲ್ಲ, ನಿಮ್ಮೂರಿನ ಅರ್ಧ ಅಂಗಡಿಗಳ ಮೇಲೆ ಉರ್ದು ಹಾಗೆಯೇ ಓಡುತ್ತದೆ. ಆದರೆ ಅಕ್ಷರಗಳನ್ನು ನೋಡಿ ಗಣಿತದ ಟೀಚರಿಗೆ ಕಣ್ಣರಳುತ್ತದೆ. ತಾನಾದ ಮೊದಲ ಒಂಬತ್ತು ಅಕ್ಷರಗಳು ಅರಬ್ಬೀ ಅಂಕಿಗಳಿಂದ ಹುಟ್ಟಿದವು, ನಂತರದ ಒಂಬತ್ತು ಇಲ್ಲಿನದೇ ಹಳೆಯ ಅಂಕಿಗಳಿಂದ. ಅಂಕಿಗಳನ್ನೇ ಅಕ್ಷರ ಮಾಡಿಕೊಂಡ ಜನರ ಮಕ್ಕಳು ಲೆಕ್ಕಕ್ಕೆ ಹೆದರುತ್ತಾರೆಂದರೆ ಅದನ್ನು ಬಿಡಿಸುವುದು ನಿಮ್ಮ ಕೆಲಸ. ಆಕೆಯೇ ಎಣಿಸಲು ಕಲಿಸುತ್ತಾಳೆ: ಎಕೆ, ದೆ, ತಿನೆ, ಹತರೆ, ಫಹೆ. ದಿಹಯೆ ಅನ್ನುವಾಗ ನಿಮ್ಮ ಅಜ್ಜಿ ಉದಗೀರದ ಸಂತೆಯಲ್ಲಿ ದಹಾ ಅಂದದ್ದು ಕಿವಿಯಲ್ಲಿ ಹಾದುಹೋಗುತ್ತದೆ. ಇಡೀ ತರಗತಿ ನಿಮ್ಮ ಉಚ್ಚಾರಕ್ಕೆ ನಗುತ್ತದೆ. ನಗಲಿ. ಟೀಚರ್ ಕಲಿಯುವುದನ್ನು ನೋಡಿದ ಮಕ್ಕಳು ತಪ್ಪು ಉತ್ತರ ಹೇಳಲು ಹಿಂಜರಿಯುವುದಿಲ್ಲ. ಗಣಿತ ಕಲಿಸುವವರಿಗೆ ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಸಂಜೆ ಅಡುಗೆಮನೆ. ತರಕಾರಿ ಬರುವುದು ದೋಣಿಯ ಮೇಲೆ, ಕಡಲು ಕೆಟ್ಟರೆ ಅದೂ ಇಲ್ಲ. ಮೀನಿಗೆ ಬರವಿಲ್ಲ, ಬೆಳಗಿನ ತಿಂಡಿಯೇ ಮಸ್ ಹುನಿ: ಟ್ಯೂನಾ, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿ ರೋಶಿಯ ಜೊತೆ ತಿನ್ನುವುದು. ನೀವು ಮುಟ್ಟುವುದಿಲ್ಲ. ರೋಶಿ ನಮ್ಮ ಚಪಾತಿಯ ತಂಗಿ, ಅದನ್ನು ಹಿಂಡಿಯ ಜೊತೆ ತಿನ್ನುತ್ತೀರಿ. ಅಂಗಡಿಯಲ್ಲಿ ಈರುಳ್ಳಿ, ಆಲೂಗಡ್ಡೆ, ಅಕ್ಕಿ, ಬೇಳೆ ಸಿಗುತ್ತವೆ. 1981ರ ವ್ಯಾಪಾರ ಒಪ್ಪಂದದ ಪ್ರಕಾರ ಭಾರತ ತನ್ನಲ್ಲಿ ರಫ್ತು ನಿಲ್ಲಿಸಿದ ವರ್ಷಗಳಲ್ಲೂ ಇಂಥ ಪದಾರ್ಥಗಳನ್ನು ಈ ದೇಶಕ್ಕೆ ಕಳಿಸುತ್ತದೆ. ಜೋಳದ ರೊಟ್ಟಿ ಬೇಯಿಸಲು ನಾನ್‌ಸ್ಟಿಕ್ ತವೆ ಒಲ್ಲೆ ಅನ್ನುತ್ತದೆ. ಅಂಚು ಸೀಳುತ್ತದೆ, ಮಗ್ಗುಲು ಹಾಕಿದರೆ ಮುರಿಯುತ್ತದೆ. ಮುರಿದ ರೊಟ್ಟಿಯನ್ನೇ ಪುಂಡಿಪಲ್ಯದಲ್ಲಿ ಅದ್ದಿ ಮೂವರೂ ತಿನ್ನುತ್ತೀರಿ. ಕೊಲ್ಲಂನ ಅಕ್ಕ ಇನ್ನೊಂದು ತುಂಡು ಕೇಳುತ್ತಾರೆ. ಎಳ್ಳಮಾಸಿಗೆ ಊರಲ್ಲಿ ಇರುವುದಿಲ್ಲವಲ್ಲ ಎಂದು ನೆನಪಾದದ್ದು ಆಗಲೇ. ಹೊಲದಲ್ಲಿ ಎಲ್ಲರೂ ಕೂತು ಭಜ್ಜಿ, ಸಜ್ಜೆ ಕಡುಬು, ಅಂಬಲಿ ಉಣ್ಣುವ ದಿನ. ಅವ್ವ ಒಂದು ಎಲೆ ಹೆಚ್ಚು ಹಾಕುತ್ತಾಳೆ, ನಿಮಗೆ ಗೊತ್ತು.

ಮೊದಲ ಸಂಬಳ ರುಫಿಯಾದಲ್ಲಿ ಬರುತ್ತದೆ. ಸರ್ಕಾರಿ ದರ ಡಾಲರಿಗೆ 15.42 ರುಫಿಯಾ. ಮೊಬೈಲಿನಲ್ಲಿ ಗುಣಿಸಿ ಭಾಗಿಸಿ, ರೂಪಾಯಿಗೆ ತಂದು, ಗೌರವಧನದ ಪಕ್ಕ ಇಟ್ಟು ನೋಡಿದಾಗ ಕಣ್ಣು ತುಂಬಿದ್ದು ನಿಜ. ಆದರೆ ಈ ಲೆಕ್ಕದಲ್ಲಿ ಇನ್ನೊಂದು ಹೆಜ್ಜೆ ಇದೆ. ರುಫಿಯಾ ಡಾಲರಾಗಬೇಕು, ಡಾಲರು ಊರಿಗೆ ಹೋಗಬೇಕು. ದೇಶದಲ್ಲಿ ಡಾಲರ್ ಕೊರತೆ ಬಂದಾಗ ತಿಂಗಳಿಗೆ ಇಷ್ಟೇ ಕಳಿಸಬಹುದು ಎಂಬ ಮಿತಿ ಬೀಳುತ್ತದೆ. 2025ರಲ್ಲಿ ಆ ಮಿತಿ ಇನ್ನೂ ಕೆಳಗಿಳಿದು ಇಲ್ಲಿನ ಭಾರತೀಯ ಶಿಕ್ಷಕರು ಕಂಗಾಲಾದರು. ಖಾತೆಯಲ್ಲಿ ಸಂಬಳವಿದೆ, ಊರಿನ ಸಾಲದ ಕಂತಿಗೆ ಹಣವಿಲ್ಲ. ಮಿತಿಗಿಂತ ಹೆಚ್ಚು ಬೇಕೆಂದರೆ ಹೊರಗಿನ ದರದಲ್ಲಿ ಡಾಲರ್ ಕೊಳ್ಳಬೇಕು, ಅಲ್ಲಿ ಸಂಬಳದ ಒಂದು ಭಾಗ ಕರಗಿಹೋಗುತ್ತದೆ. ಹೊರಡುವ ಮುಂಚೆ ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ತಿಂಗಳಿಗೆ ಎಷ್ಟು ಊರಿಗೆ ಮುಟ್ಟುತ್ತದೆ ಎಂದು ಕೇಳಬೇಕು.

ರಾತ್ರಿ ಫೋನು. ತಮ್ಮನಲ್ಲ, ಅಪ್ಪನಲ್ಲ. ಊರಿನ ಹತ್ತನೇ ತರಗತಿಯ ಹುಡುಗಿ, ನಿಮ್ಮ ವಿದ್ಯಾರ್ಥಿನಿ. ವೀಡಿಯೊದಲ್ಲಿ ನೋಟುಪುಸ್ತಕ ಹಿಡಿದು ತೋರಿಸುತ್ತಿದ್ದಾಳೆ.

"ಮೇಡಂ, ಸಮಾಂತರ ಶ್ರೇಢಿದು ಇದೊಂದು ಲೆಕ್ಕ ಬರಲ್ತದ. ಗಣಿತಕ್ಕ ಇನ್ನಾ ಯಾರೂ ಬಂದಿಲ್ರೀ."

ಮಳೆ ಬರುತ್ತಿದೆ, ಅಲ್ಲಿಯೂ ಇಲ್ಲಿಯೂ. ನೀವು ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ಹೇಳಿಕೊಡುತ್ತೀರಿ. ಮೊದಲ ಪದ, ಸಾಮಾನ್ಯ ವ್ಯತ್ಯಾಸ, ಪದಗಳ ಸಂಖ್ಯೆ. ಲೆಕ್ಕ ಬಿಡಿಸಿ ಮುಗಿಸಿದ ಮೇಲೆ ಅವಳು ಇನ್ನೊಂದು ಪುಟ ತಿರುವುತ್ತಾಳೆ.

ಇಲ್ಲಿಗೆ ನಿಮ್ಮನ್ನು ಆ ಗಣಿತದ ಟೀಚರಿನ ಜಾಗದಿಂದ ಬಿಡಿಸಿ ನನ್ನ ಎದುರು ಕೂರಿಸಿಕೊಳ್ಳುತ್ತೇನೆ. ಹೊರದೇಶಕ್ಕೆ ಹೋಗಿ ಕಲಿಸುವುದು ತಪ್ಪಲ್ಲ, ಗೌರವದ ಕೆಲಸ. ಆ ದ್ವೀಪದ ಮಕ್ಕಳಿಗೂ ಒಳ್ಳೆಯ ಟೀಚರ್ ಸಿಗಬೇಕು. ಗಡಿಯ ಹೆಣ್ಣುಮಕ್ಕಳಿಗೆ ಭಾಷೆಗಳ ನಡುವೆ ಬದುಕುವ ಕಲೆ ಹುಟ್ಟಿನಿಂದ ಬಂದಿದೆ, ಅವರು ಲೋಕದ ಯಾವ ತರಗತಿಯಲ್ಲೂ ನಿಲ್ಲಬಲ್ಲರು. ತಪ್ಪಿರುವುದು ಇಲ್ಲಿ. ನಮ್ಮ ಕಲ್ಯಾಣ ಕರ್ನಾಟಕಕ್ಕೆಂದೇ 2012ರಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿ ಒಪ್ಪಿತು, 371(ಜೆ) ವಿಧಿ ಬಂತು, ಸ್ಥಳೀಯರಿಗೆ ಹುದ್ದೆಗಳಲ್ಲಿ ಮೀಸಲು ಬಂತು. ಹುದ್ದೆಯನ್ನೇ ತುಂಬದಿದ್ದರೆ ಮೀಸಲು ಯಾರಿಗೆ? ಮಂಜೂರಾದ ಕುರ್ಚಿಯಲ್ಲಿ ವರ್ಷಗಟ್ಟಲೆ ಅತಿಥಿಯನ್ನು ಕೂರಿಸಿ, ಅತಿಥಿಗೆ ಕೂಲಿಗಿಂತ ಕಡಿಮೆ ಕೊಟ್ಟು, ಅವಳು ಹೊರಟ ಮೇಲೆ ಮಕ್ಕಳನ್ನು ಫೋನಿಗೆ ಬಿಡುವುದು ಗಡಿನಾಡಿಗೆ ಮಾಡುತ್ತಿರುವ ಅನ್ಯಾಯ. ಕಮಲನಗರ 2018ರಿಂದ ತಾಲೂಕು. ತಾಲೂಕಿಗೆ ಕಚೇರಿಗಳ ಬೋರ್ಡು ಬಂದರೆ ಸಾಲದು, ಹೈಸ್ಕೂಲುಗಳಿಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸುವ ಕಾಯಂ ಶಿಕ್ಷಕರು ಬರಬೇಕು. ಗಡಿಯಲ್ಲಿ ಕನ್ನಡ ಉಳಿಯಬೇಕು ಎನ್ನುವವರು ಮೊದಲು ಕೇಳಬೇಕಾದ್ದು ಇದನ್ನು. ಕನ್ನಡ ಶಾಲೆಯಲ್ಲಿ ಗಣಿತದ ಟೀಚರ್ ಇಲ್ಲದಿದ್ದರೆ ತಂದೆತಾಯಿ ಮಗುವನ್ನು ಬೇರೆ ಶಾಲೆಗೆ ಕಳಿಸುತ್ತಾರೆ, ಅವರನ್ನು ದೂರಲು ಬರುವುದಿಲ್ಲ.

ಹೊರಡಲೇಬೇಕಾದ ತಂಗಿಯರಿಗೆ ಒಂದೆರಡು ಮಾತು. ಒಪ್ಪಂದವನ್ನು ಸಾಲುಸಾಲಾಗಿ ಓದಿ: ಸಂಬಳ ಯಾವ ಹಣದಲ್ಲಿ, ಮನೆ ಬಾಡಿಗೆ ಯಾರದು, ಊರಿಗೆ ಬರುವ ಟಿಕೆಟ್ ಯಾರದು, ನಡುವೆ ಬಿಟ್ಟರೆ ಏನು. ಅದರ ಒಂದು ಪ್ರತಿ, ಎಲ್ಲ ಪತ್ರಗಳ ಒಂದೊಂದು ಪ್ರತಿ ಮನೆಯಲ್ಲಿ ಬಿಟ್ಟು ಹೋಗಿ. ಪಾಸ್‌ಪೋರ್ಟನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ತೊಂದರೆ ಬಂದರೆ ಮಾಲೆಯಲ್ಲಿ ಭಾರತದ ಹೈಕಮಿಷನ್ ಇದೆ, ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ಬರೆಯಬಹುದು. ಕರ್ನಾಟಕದ ಶಿಕ್ಷಕರ ನೇಮಕಾತಿಯ ಅಧಿಸೂಚನೆ ಹೊರಬಿದ್ದ ದಿನ ಅಲ್ಲಿಂದಲೇ ಅರ್ಜಿ ಹಾಕಿ. ಟಿಇಟಿ ಪಾಸು ಮಾಡಿಕೊಂಡೇ ಹೋಗಿ. ನಿಮ್ಮ ಕುರ್ಚಿ ಇಲ್ಲಿ ಖಾಲಿ ಇದೆ.